ಕೊಬ್ಬರಿ ಕಾಟಾದ ಮೇಲೆ ಸೂಟ್‌ಕೇಸು

ತಿಪಟೂರಿನ ಈ ಮನೆಯಲ್ಲಿ ಕೊಬ್ಬರಿ ಚೀಲ ತೂಗುವ ಕಾಟಾ ಇವತ್ತು ಪಡಸಾಲೆಯ ನಡುಮಧ್ಯಕ್ಕೆ ಬಂದಿದೆ. ಅದರ ಮೇಲೆ ನೀಲಿ ಸೂಟ್‌ಕೇಸು. 26.8 ಎಂದು ಕೆಂಪಂಕಿ ಮಿಣುಕುತ್ತಿದೆ. ವಿಮಾನದವರು ಒಪ್ಪುವುದು 23 ಕಿಲೋ. ಮಗಳು ಜರ್ಮನಿಯ ಆಖೆನ್‌ಗೆ ಎಂ.ಎಸ್. ಓದಲು ಹೊರಟಿದ್ದಾಳೆ. ಅಕ್ಟೋಬರಿನಲ್ಲಿ ತರಗತಿ ಶುರು.

ಕಾಗದಪತ್ರದ ರಗಳೆ ಮುಗಿದಿದೆ. ಅಂಕಪಟ್ಟಿ ಪರಿಶೀಲಿಸಿ ಕೊಟ್ಟ ಎಪಿಎಸ್ ಪ್ರಮಾಣಪತ್ರ, ವೀಸಾ, ವಿಮೆ, ಎಲ್ಲದರ ಜೆರಾಕ್ಸೂ ಒಂದೇ ಫೈಲಿನಲ್ಲಿ. ಅಲ್ಲಿ ಬೋಧನಾ ಶುಲ್ಕವೇ ಇಲ್ಲವೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದ ಅಪ್ಪನಿಗೆ ಬ್ಲಾಕ್ಡ್ ಅಕೌಂಟಿನ ಸಂಗತಿ ತಿಳಿದದ್ದು ಆಮೇಲೆ. ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಕಟ್ಟಬೇಕು. ತಿಂಗಳಿಗೆ 992ರಂತೆ ಅವಳ ಕೈಸೇರುತ್ತದೆ. “ನಮ್ ದುಡ್ಡನ್ನ ನಮಗೇ ಕಂತಲ್ಲಿ ಕೊಡ್ತಾರಂತೆ!” ಎಂದು ಈಗಲೂ ಗೊಣಗುತ್ತಾರೆ. ಹಾಸ್ಟೆಲಿಗೆ ಹೋದ ವಾರಕ್ಕೇ ಜೇಬು ಬರಿದು ಮಾಡಿಕೊಂಡವರನ್ನು ಕಂಡ ನನಗೆ ಆ ಏರ್ಪಾಡು ತಪ್ಪೆನಿಸುವುದಿಲ್ಲ.

ಅಜ್ಜಿ ತುಪ್ಪದ ಡಬ್ಬಿ ಹಿಡಿದು ಬಂದರು. “ಹಾಲಿನ ಪದಾರ್ಥ ಬಿಡಲ್ಲ ಕಣಜ್ಜಿ.” ಡಬ್ಬಿ ವಾಪಸಾಗಲಿಲ್ಲ, ಸೂಟ್‌ಕೇಸಿನ ಪಕ್ಕದಲ್ಲೇ ಕೂತಿತು. ಹಿತ್ತಲಿನ ಕರಿಬೇವಿಗೂ ತಡೆ: ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. 2019ರ ಡಿಸೆಂಬರಿನಿಂದ ಐರೋಪ್ಯ ಒಕ್ಕೂಟ ತಾಜಾ ಹಣ್ಣು, ತರಕಾರಿ, ಸೊಪ್ಪುಗಳಲ್ಲಿ ಆ ಕಾಗದ ಕೇಳದೆ ಒಳಗೆ ಬಿಡುವುದು ಬಾಳೆ, ಅನಾನಸು, ಖರ್ಜೂರ, ದುರಿಯನ್, ತೆಂಗಿನಕಾಯಿ ಈ ಐದನ್ನು ಮಾತ್ರ. ತೆಂಗಿನಕಾಯಿ ಎಂದದ್ದೇ ತಡ, ಮನೆಮಂದಿಗೆಲ್ಲ ಗೆದ್ದ ಹುರುಪು. ಅದೂ ಹೆಚ್ಚು ಹೊತ್ತು ಇರಲಿಲ್ಲ. ಒಣಗಿದ ಕೊಬ್ಬರಿ ಗಿಟುಕಿಗೆ ವಿಮಾನದಲ್ಲೇ ಜಾಗವಿಲ್ಲ. ಎಣ್ಣೆಯಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಭಯ. ಮೂರು ತಲೆಮಾರಿನಿಂದ ಕೊಬ್ಬರಿ ಮಂಡಿ ನಡೆಸಿದವರ ಮುಖ ನೋಡಬೇಕಿತ್ತು.

ಕುಕ್ಕರಿಗೆ ವಿನಾಯಿತಿ ಸಿಕ್ಕಿದೆ. ಅದರ ಹೊಟ್ಟೆಯೊಳಗೆ ತೊಗರಿಬೇಳೆ, ಸಂದಿಯಲ್ಲಿ ಹುಣಸೆಹಣ್ಣು, ಎರಡು ಗ್ಯಾಸ್ಕೆಟ್ಟು. ಚಟ್ನಿಪುಡಿ, ಸಾರಿನಪುಡಿ ಮೂರು ಪದರದ ಕವರಿನಲ್ಲಿ. ಚಿಕ್ಕಪ್ಪ ಪುಟ್ಟ ಮಿಕ್ಸಿ ತಂದಿದ್ದಾರೆ. ಅಲ್ಲೂ 230 ವೋಲ್ಟೇ, ಓಡುತ್ತದೆ. ಆದರೆ ಮೂರು ಪಿನ್ನಿನ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ. ಅಡಾಪ್ಟರ್ ತರಲು ತಮ್ಮ ಸೈಕಲ್ ಹತ್ತಿದ. ಪವರ್ ಬ್ಯಾಂಕ್ ಕೈಚೀಲಕ್ಕೆ, ಉಪ್ಪಿನಕಾಯಿ ಸೂಟ್‌ಕೇಸಿಗೆ. ಇದನ್ನು ಅದಲುಬದಲು ಮಾಡಿದರೆ ತಪಾಸಣೆಯಲ್ಲಿ ಎರಡೂ ಹೋದವು.

ಇಳಿಸಿದರು, ಏರಿಸಿದರು. ಎರಡು ಪುಸ್ತಕ, ಒಂದು ಬೆಡ್‌ಶೀಟು, ಅಮ್ಮ ಆರಿಸಿದ್ದ ರೇಷ್ಮೆ ಸೀರೆ ಹೊರಬಂದವು. 23.4.

“ನಾನೂರು ಗ್ರಾಂ ಯಾರ್ ನೋಡ್ತಾರೆ, ನಡಿಯಮ್ಮ,” ಎಂದರು ಅಪ್ಪ.

“ಮಂಡೀಲಿ ನೀನ್ ಬಿಡ್ತೀಯೇನಪ್ಪ?”

ಚಿಕ್ಕಪ್ಪ ನಕ್ಕರು. ಹೊರಗೆ ಟೆಂಪೊ ಟ್ರಾವೆಲರ್ ಬಂದು ಹಾರನ್ ಹೊಡೆಯುತ್ತಿತ್ತು. ಒಬ್ಬಳನ್ನು ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಿಟ್ಟುಬರಲು ಹನ್ನೊಂದು ಜನ. ಅಮ್ಮ ದಪ್ಪನೆಯ ಚಳಿ ಜಾಕೆಟ್ಟನ್ನು ಎಳೆದು ತೆಗೆದು, “ಇದನ್ನ ಮೈಮೇಲೇ ಹಾಕ್ಕೊಂಡ್ ಹೋಗು” ಎಂದರು. ಸೆಪ್ಟೆಂಬರಿನ ಸೆಕೆಯಲ್ಲಿ ಅವಳು ಗುಂಡಿ ಹಾಕಿಕೊಳ್ಳುತ್ತಿದ್ದಂತೆ ಅಜ್ಜಿ ಕೇಳಿದರು: “ಹಂಗಾದ್ರೆ ಜೇಬಲ್ಲಿರೋದನ್ನ ತೂಗಲ್ವಾ?”