ಸಮನ್ಸ್ ಜಾರಿ

ಸಮನ್ಸ್ ಜಾರಿ ಎಂದರೆ ನ್ಯಾಯಾಲಯವು ಹೊರಡಿಸಿದ ಕರೆಯನ್ನು ದಾವೆಯ ಪ್ರತಿವಾದಿಗೆ ಕಾನೂನು ವಿಧಿಸಿದ ಕ್ರಮದಲ್ಲಿ ತಲುಪಿಸುವ ಕಾರ್ಯ. ತನ್ನ ಮೇಲೆ ದಾವೆ ಹೂಡಲಾಗಿದೆ ಎಂಬುದು ತಿಳಿಯದ ವ್ಯಕ್ತಿಯ ವಿರುದ್ಧ ತೀರ್ಪು ನೀಡಬಾರದು ಎಂಬ ಸಹಜ ನ್ಯಾಯದ ತತ್ತ್ವವೇ ಇದರ ಆಧಾರ. ಭಾರತದಲ್ಲಿ ಸಿವಿಲ್ ದಾವೆಗಳ ಸಮನ್ಸ್ ಜಾರಿಯು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 27ರಿಂದ 29ನೆಯ ಕಲಮುಗಳು ಹಾಗೂ 5ನೆಯ ಆದೇಶದ ನಿಯಮಗಳಂತೆ ನಡೆಯುತ್ತದೆ.

ಜಾರಿ ಮಾಡುವವರು

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ 18 ವರ್ಷ ತುಂಬಿದ, ದಾವೆಯ ಪಕ್ಷಕಾರನಲ್ಲದ ಯಾರಾದರೂ ಸಮನ್ಸ್ ತಲುಪಿಸಬಹುದು. ಆದುದರಿಂದ ಅಲ್ಲಿ ಖಾಸಗಿ ಜಾರಿಕಾರರನ್ನು ಹಣ ಕೊಟ್ಟು ಗೊತ್ತುಮಾಡಿಕೊಳ್ಳುವುದು ರೂಢಿಯಲ್ಲಿದೆ. ಭಾರತದ ಪದ್ಧತಿ ಬೇರೆ. ಇಲ್ಲಿ ಸಮನ್ಸ್ ಜಾರಿಯು ಮೂಲತಃ ನ್ಯಾಯಾಲಯದ ಕೆಲಸ. ಕರ್ನಾಟಕದ ನ್ಯಾಯಾಲಯಗಳಲ್ಲಿ ಇದಕ್ಕಾಗಿ ಬೇಲಿಫ್ ಹಾಗೂ ಆದೇಶ ಜಾರಿಕಾರ ಎಂಬ ಹುದ್ದೆಗಳಿವೆ. ಜನರ ಬಾಯಲ್ಲಿ ಇವರು ‘ಕೋರ್ಟ್ ಅಮೀನರು’. ವಾದಿಯು ಪ್ರೋಸೆಸ್ ಶುಲ್ಕ ಕಟ್ಟಬೇಕು, ವಾದಪತ್ರದ ಪ್ರತಿ ಹಾಗೂ ಸರಿಯಾದ ವಿಳಾಸ ಒದಗಿಸಬೇಕು.

1999 ಮತ್ತು 2002ರ ತಿದ್ದುಪಡಿಗಳು 2002ರ ಜುಲೈ 1ರಿಂದ ಜಾರಿಗೆ ಬಂದ ಮೇಲೆ ಇತರ ಮಾರ್ಗಗಳೂ ತೆರೆದುಕೊಂಡವು. ಸ್ಪೀಡ್ ಪೋಸ್ಟ್, ನ್ಯಾಯಾಲಯವು ಅನುಮೋದಿಸಿದ ಕೊರಿಯರ್ ಸಂಸ್ಥೆ, ಫ್ಯಾಕ್ಸ್ ಮತ್ತು ಇ-ಮೇಲ್ ಇವುಗಳಲ್ಲಿ ಸೇರಿವೆ. 9-ಎ ನಿಯಮದಂತೆ, ವಾದಿಯು ಅರ್ಜಿ ಸಲ್ಲಿಸಿದರೆ ಸಮನ್ಸನ್ನು ತಾನೇ ತಲುಪಿಸಲು ನ್ಯಾಯಾಲಯ ಅನುಮತಿ ನೀಡಬಹುದು. ಇದಕ್ಕೆ ವಕೀಲರ ವಲಯದಲ್ಲಿ ‘ಹ್ಯಾಂಡ್ ಸಮನ್ಸ್’ ಎಂಬ ಹೆಸರಿದೆ. ಹೀಗಾಗಿ ನ್ಯಾಯಾಲಯದ ಅನುಮತಿ ಇಲ್ಲದೆ ಖಾಸಗಿ ವ್ಯಕ್ತಿಯೊಬ್ಬ ಹಣ ಪಡೆದು ಸಮನ್ಸ್ ತಲುಪಿಸಿದರೆ ಅದು ಕ್ರಮಬದ್ಧ ಜಾರಿ ಎನಿಸುವುದಿಲ್ಲ. ವಕೀಲರು ಕಕ್ಷಿದಾರರ ಪರವಾಗಿ ಕಳುಹಿಸುವ ಲೀಗಲ್ ನೋಟಿಸ್ ಸಮನ್ಸ್ ಅಲ್ಲ. ಅದನ್ನು ಸಾಮಾನ್ಯವಾಗಿ ಅಂಚೆಯಲ್ಲಿ ಕಳುಹಿಸಲಾಗುತ್ತದೆ.

ಜಾರಿಯ ಕ್ರಮ

ನ್ಯಾಯಾಧೀಶರ ಅಥವಾ ಅವರು ನೇಮಿಸಿದ ಅಧಿಕಾರಿಯ ಸಹಿ ಹಾಗೂ ನ್ಯಾಯಾಲಯದ ಮೊಹರು ಇರುವ ಪ್ರತಿಯನ್ನು ಸಾಧ್ಯವಾದಷ್ಟೂ ಪ್ರತಿವಾದಿಯ ಕೈಗೇ ಕೊಡಬೇಕು. ಆತ ಮನೆಯಲ್ಲಿ ಇಲ್ಲದೆ, ಸಕಾಲದಲ್ಲಿ ಸಿಗುವ ಸಂಭವವೂ ಇಲ್ಲದೆ, ಆತನ ಪರವಾಗಿ ಸ್ವೀಕರಿಸುವ ಅಧಿಕೃತ ಪ್ರತಿನಿಧಿಯೂ ಇಲ್ಲದಿದ್ದರೆ, ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕ ಸದಸ್ಯರಿಗೆ ಕೊಡಬಹುದು. 1976ರ ತಿದ್ದುಪಡಿಗೆ ಮುನ್ನ ಈ ಸದಸ್ಯ ಪುರುಷನೇ ಆಗಿರಬೇಕಿತ್ತು. ಈಗ ಹೆಂಗಸರೂ ಸ್ವೀಕರಿಸಬಹುದು. ಮನೆಗೆಲಸದವರು ಕುಟುಂಬದ ಸದಸ್ಯರೆಂದು ಪರಿಗಣಿತರಾಗುವುದಿಲ್ಲ.

ಪ್ರತಿವಾದಿಯು ಸಹಿ ಹಾಕಲು ನಿರಾಕರಿಸಿದರೆ, ಅಥವಾ ತಕ್ಕ ಪ್ರಯತ್ನ ಮಾಡಿದರೂ ಸಿಗದಿದ್ದರೆ, ಜಾರಿಕಾರನು ಸಮನ್ಸಿನ ಪ್ರತಿಯನ್ನು ಮನೆಯ ಹೊರಬಾಗಿಲಿಗೆ ಅಥವಾ ಎದ್ದು ಕಾಣುವ ಜಾಗಕ್ಕೆ ಅಂಟಿಸಬೇಕು. ಮನೆಯನ್ನು ಗುರುತಿಸಿಕೊಟ್ಟವರು ಯಾರು, ಯಾರ ಸಮಕ್ಷಮದಲ್ಲಿ ಅಂಟಿಸಲಾಯಿತು ಎಂಬುದನ್ನು ಹೆಸರು, ವಿಳಾಸ ಸಹಿತ ಷರಾ ಬರೆದು ಮೂಲ ಪ್ರತಿಯನ್ನು ಹಿಂತಿರುಗಿಸಬೇಕು. ಈ ವರದಿಗೆ ಜಾರಿಕಾರನ ಪ್ರಮಾಣಪತ್ರ ಇಲ್ಲದಿದ್ದರೆ ನ್ಯಾಯಾಲಯವು ಆತನನ್ನು ಪ್ರಮಾಣದ ಮೇಲೆ ವಿಚಾರಿಸಬೇಕು. ಪ್ರತಿವಾದಿಯು ತಪ್ಪಿಸಿಕೊಂಡು ತಿರುಗುತ್ತಿದ್ದಾನೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ 20ನೆಯ ನಿಯಮದ ಪರ್ಯಾಯ ಜಾರಿಗೆ ಆದೇಶಿಸಬಹುದು. ದಿನಪತ್ರಿಕೆಗಳಲ್ಲಿ ಕಾಣುವ ನ್ಯಾಯಾಲಯದ ಪ್ರಕಟಣೆಗಳಲ್ಲಿ ಹಲವು ಈ ಬಗೆಯವು.

ವಿಳಾಸದ ಮಹತ್ವ

ಸಮನ್ಸ್ ಜಾರಿಯಾಗದೆ ಹಿಂತಿರುಗಲು ಅಪೂರ್ಣ ವಿಳಾಸವು ಒಂದು ಸಾಮಾನ್ಯ ಕಾರಣ. ಬೆಂಗಳೂರಿನ ಉತ್ತರ ಭಾಗದ ಸೋಲದೇವನಹಳ್ಳಿ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರಘಟ್ಟ ರಸ್ತೆಯ ಕಡೆ, ಚಿಕ್ಕಬಾಣಾವರಕ್ಕೆ ಸಮೀಪ ಒಂದು ಸೋಲದೇವನಹಳ್ಳಿ ಇದೆ. ನೆಲಮಂಗಲ ತಾಲ್ಲೂಕಿನಲ್ಲಿ ಇದೇ ಹೆಸರಿನ ಇನ್ನೊಂದು ಗ್ರಾಮವಿದೆ. ನಟಿ ಲೀಲಾವತಿಯವರು ನೆಲೆಸಿದ್ದುದು ನೆಲಮಂಗಲದ ಸೋಲದೇವನಹಳ್ಳಿಯಲ್ಲಿ. ವಾದಪತ್ರದಲ್ಲಿ ‘ಸೋಲದೇವನಹಳ್ಳಿ, ಬೆಂಗಳೂರು’ ಎಂದಷ್ಟೇ ಬರೆದರೆ ಸಮನ್ಸ್ ಬೇರೆ ಊರಿಗೇ ಹೋಗಬಹುದು. ಹೋಬಳಿ, ತಾಲ್ಲೂಕು, ಪಿನ್‌ಕೋಡ್, ಬಡಾವಣೆಯ ಹೆಸರು, ಅಡ್ಡರಸ್ತೆ ಹಾಗೂ ಹತ್ತಿರದ ಗುರುತುಗಳನ್ನು ನಮೂದಿಸಬೇಕು. ಹೊಲಗಳು ಬಡಾವಣೆಗಳಾದ ಕಡೆಗಳಲ್ಲಿ ಕ್ರಯಪತ್ರದ ಸರ್ವೆ ನಂಬರು ಜಮೀನನ್ನು ತಿಳಿಸುತ್ತದೆಯೇ ಹೊರತು ಮನೆಯ ಬಾಗಿಲನ್ನು ತೋರಿಸುವುದಿಲ್ಲ. ಜಾರಿಕಾರನ ಜೊತೆ ಹೋಗಿ ಮನೆ ತೋರಿಸುವವರು ಒಬ್ಬರಿದ್ದರೆ ಕೆಲಸ ಸುಲಭ.

ಪರಿಣಾಮಗಳು

ಸಮನ್ಸ್ ಕೈಸೇರಿದ ದಿನದಿಂದ ಪ್ರತಿವಾದಿಯು 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಕಾರಣ ದಾಖಲಿಸಿ ನ್ಯಾಯಾಲಯ ಇದನ್ನು 90 ದಿನಗಳವರೆಗೆ ವಿಸ್ತರಿಸಬಹುದು. ವಾಣಿಜ್ಯ ದಾವೆಗಳಲ್ಲಿ 120 ದಿನ ಕಳೆದರೆ ಹೇಳಿಕೆ ಸಲ್ಲಿಸುವ ಹಕ್ಕೇ ಹೋಗುತ್ತದೆ. ಕ್ರಮಬದ್ಧವಾಗಿ ಜಾರಿಯಾದ ಮೇಲೂ ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿಯಾಗಬಹುದು. ಇದರಿಂದಾಗಿ ಮನೆ, ಜಮೀನು ಕೈತಪ್ಪಬಹುದು.

ಸಮನ್ಸ್ ಸರಿಯಾಗಿ ಜಾರಿಯಾಗದೆ ಡಿಕ್ರಿಯಾಗಿದ್ದರೆ 9ನೆಯ ಆದೇಶದ 13ನೆಯ ನಿಯಮದಂತೆ ಅದನ್ನು ರದ್ದುಪಡಿಸಲು ಕೋರಬಹುದು. ಅಂಥ ಸಂದರ್ಭದಲ್ಲಿ ಡಿಕ್ರಿಯ ವಿಷಯ ತಿಳಿದ ದಿನದಿಂದ 30 ದಿನಗಳ ಕಾಲಾವಕಾಶವಿದೆ. ಆದರೆ ವಿಚಾರಣೆಯ ದಿನಾಂಕ ಮೊದಲೇ ತಿಳಿದು, ಹಾಜರಾಗಲು ಸಾಕಷ್ಟು ಸಮಯವೂ ಇದ್ದರೆ, ಜಾರಿಯಲ್ಲಿನ ಸಣ್ಣ ಲೋಪವನ್ನಷ್ಟೇ ಮುಂದಿಟ್ಟು ಡಿಕ್ರಿಯನ್ನು ರದ್ದುಪಡಿಸಲಾಗದು. ಸಮನ್ಸ್ ನಿರಾಕರಿಸುವುದರಿಂದಲೂ ಪ್ರಯೋಜನವಿಲ್ಲ: ‘ನಿರಾಕರಿಸಲಾಗಿದೆ’ ಎಂಬ ಷರಾದೊಡನೆ ಅಂಚೆ ಹಿಂತಿರುಗಿದರೆ ನ್ಯಾಯಾಲಯವು ಜಾರಿಯಾಗಿದೆ ಎಂದೇ ಘೋಷಿಸುತ್ತದೆ. ವಾದಿಗೂ ಹೊಣೆಯಿದೆ. ಜಾರಿಯಾಗದ ಸಮನ್ಸ್ ಹಿಂತಿರುಗಿದ ಬಳಿಕ ಏಳು ದಿನಗಳಲ್ಲಿ ಹೊಸ ಸಮನ್ಸಿಗೆ ಅರ್ಜಿ ಸಲ್ಲಿಸದಿದ್ದರೆ ದಾವೆ ವಜಾ ಆಗಬಹುದು.

ವಿದೇಶದ ಸಮನ್ಸ್

ವಿದೇಶದಲ್ಲಿ ನೆಲೆಸಿದ ಕುಟುಂಬಗಳ ವಿಚ್ಛೇದನ ಮೊದಲಾದ ಪ್ರಕರಣಗಳಲ್ಲಿ ಅಲ್ಲಿನ ಪಕ್ಷಕಾರರು ಬೆಂಗಳೂರಿನಲ್ಲಿ ಖಾಸಗಿ ಜಾರಿಕಾರರನ್ನು ಹುಡುಕುವುದುಂಟು. ಆದರೆ 1965ರ ಹೇಗ್ ಜಾರಿ ಒಪ್ಪಂದವು ಭಾರತಕ್ಕೆ 2007ರ ಆಗಸ್ಟ್ 1ರಿಂದ ಅನ್ವಯಿಸುತ್ತದೆ. ಅದರ 10ನೆಯ ವಿಧಿಯಲ್ಲಿರುವ ಅಂಚೆ ಮತ್ತು ನೇರ ಜಾರಿಯ ಮಾರ್ಗಗಳಿಗೆ ಭಾರತ ಆಕ್ಷೇಪ ಸಲ್ಲಿಸಿದೆ. ಆದುದರಿಂದ ಒಪ್ಪಂದಕ್ಕೆ ಸೇರಿದ ದೇಶಗಳ ದಾಖಲೆಗಳು ಕೇಂದ್ರ ಕಾನೂನು ಮತ್ತು ನ್ಯಾಯ ಸಚಿವಾಲಯದ ಮೂಲಕ ಬರಬೇಕು. ವಿದೇಶಿ ತೀರ್ಪು ಸಹಜ ನ್ಯಾಯಕ್ಕೆ ವಿರುದ್ಧವಾಗಿದ್ದರೆ ಸಂಹಿತೆಯ 13ನೆಯ ಕಲಮಿನಂತೆ ಇಲ್ಲಿ ಅದು ನಿರ್ಣಾಯಕವಲ್ಲ. ವೈವಾಹಿಕ ಪ್ರಕರಣಗಳಲ್ಲಿ ಸಮನ್ಸ್ ಜಾರಿಯ ಔಪಚಾರಿಕತೆ ಮುಗಿದರಷ್ಟೇ ಸಾಲದು, ಪ್ರತಿವಾದಿಗೆ ವಾದಿಸುವ ನಿಜವಾದ ಅವಕಾಶವೂ ಸಿಕ್ಕಿರಬೇಕು ಎಂಬುದನ್ನು ಸರ್ವೋಚ್ಚ ನ್ಯಾಯಾಲಯವು ವೈ. ನರಸಿಂಹರಾವ್ ಪ್ರಕರಣದಲ್ಲಿ (1991) ಸ್ಪಷ್ಟಪಡಿಸಿತು.

ಕ್ರಿಮಿನಲ್ ಪ್ರಕರಣಗಳು

ಕ್ರಿಮಿನಲ್ ಪ್ರಕರಣಗಳಲ್ಲಿ ಸಮನ್ಸನ್ನು ಸಾಮಾನ್ಯವಾಗಿ ಪೊಲೀಸರು ತಲುಪಿಸುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ವಿದ್ಯುನ್ಮಾನ ಜಾರಿಗೆ ಅವಕಾಶ ನೀಡಿದೆ. ಹಿಂದಿನ ಕಾನೂನಿನಲ್ಲಿದ್ದ ‘ವಯಸ್ಕ ಪುರುಷ ಸದಸ್ಯ’ ಎಂಬ ಮಿತಿಯನ್ನು ತೆಗೆದುಹಾಕಿದೆ. ಚೆಕ್ ಅಮಾನ್ಯ ಪ್ರಕರಣಗಳಲ್ಲಿ ಸ್ಪೀಡ್ ಪೋಸ್ಟ್ ಅಥವಾ ಅನುಮೋದಿತ ಕೊರಿಯರ್ ಮೂಲಕವೂ ಸಮನ್ಸ್ ಕಳುಹಿಸಬಹುದು.