ಗೋಡೆಯ ಮೇಲಿನ ಲೈಸೆನ್ಸ್ ಯಾರ ಹೆಸರಲ್ಲಿದೆ?

ನಾನು ಬಿಇ ಮೂರನೇ ವರ್ಷದ ವಿದ್ಯಾರ್ಥಿ. ಪದವಿ ಮುಗಿಸಿ ಯಾವ ಕಂಪನಿಗೆ ಸೇರಿದರೂ ‘ನಿನ್ನ ಲೈಸೆನ್ಸ್ ಎಲ್ಲಿ?’ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ವೈದ್ಯರಿಗೆ ಮೆಡಿಕಲ್ ಕೌನ್ಸಿಲ್ ಇದೆ, ಆರ್ಕಿಟೆಕ್ಟ್‌ಗಳಿಗೂ ಒಂದು ಕೌನ್ಸಿಲ್ ಇದೆ. ನಮ್ಮ ದೇಶದ ಎಂಜಿನಿಯರ್‌ಗೆ ಅಂಥದ್ದೇನೂ ಇಲ್ಲ. ಆದರೆ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹಣ ಪಡೆದು ಇನ್ನೊಬ್ಬರ ಬೆನ್ನು ನೀವಬೇಕಾದರೆ 1000 ಗಂಟೆಗಳ ತರಬೇತಿ ಮುಗಿಸಿ, ಪರೀಕ್ಷೆ ಪಾಸಾಗಿ, ಸರ್ಕಾರದ ಲೈಸೆನ್ಸ್ ಪಡೆದಿರಬೇಕು!

ಇದು ನನಗೆ ಗೊತ್ತಾಗಿದ್ದು ಒಂದು ಅಸೈನ್‌ಮೆಂಟ್‌ನಿಂದ. ‘ನಿಮ್ಮದಲ್ಲದ ಒಂದು ವೃತ್ತಿಗೆ ಸರ್ಕಾರ ಏಕೆ, ಹೇಗೆ ಲೈಸೆನ್ಸ್ ಕೊಡುತ್ತದೆ ಎಂದು ಬರೆಯಿರಿ’ ಎಂದು ಎಥಿಕ್ಸ್ ಪಾಠ ಮಾಡುವ ಸರ್ ಚೀಟಿ ಹಾಕಿಸಿದ್ದರು. ನನ್ನ ಚೀಟಿಯಲ್ಲಿದ್ದದ್ದು ‘ಮಸಾಜ್ ಥೆರಪಿಸ್ಟ್’. ಓದಿ ಹೇಳಿದ್ದೇ ತಡ, ಹಿಂದಿನ ಬೆಂಚಿನಿಂದ ಶಿಳ್ಳೆ.

ಯೋಚಿಸಿದರೆ ವಿಚಿತ್ರ ಅನಿಸುತ್ತದೆ. ಬಾಣಂತಿಗೆ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕಲು ಬರುವ ಅಜ್ಜಿಗೆ ನಾವು ಸೀರೆ, ಕುಪ್ಪಸ ಕೊಟ್ಟು ಕಾಲಿಗೆ ಬೀಳುತ್ತೇವೆ. ನಮ್ಮ ದಾವಣಗೆರೆಯ ಗರಡಿ ಮನೆಗಳಲ್ಲಿ ಪೈಲ್ವಾನರಿಗೆ ಮಾಲಿಶ್ ಮಾಡುವವರಿಗೂ ಮರ್ಯಾದೆ ಇದೆ. ಅದೇ ಕೆಲಸ ಗಾಜಿನ ಬಾಗಿಲು, ‘ಸ್ಪಾ’ ಎಂಬ ಬೋರ್ಡಿನ ಹಿಂದೆ ಹೋದ ಕೂಡಲೇ ಶಿಳ್ಳೆ ಏಕೆ?

ಎರಡು ಬಗೆಯ ಲೈಸೆನ್ಸ್

ಅಮೆರಿಕದ ನಿಯಮಗಳನ್ನು ಓದುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಅಲ್ಲಿ ಎರಡು ಬಗೆಯ ಲೈಸೆನ್ಸ್ ಇವೆ. ಒಂದು ಮಸಾಜ್ ಮಾಡುವ ವ್ಯಕ್ತಿಯ ಹೆಸರಿನದು, ಇನ್ನೊಂದು ಮಸಾಜ್ ನಡೆಯುವ ಜಾಗದ್ದು.

ವ್ಯಕ್ತಿಯ ಲೈಸೆನ್ಸ್‌ಗೆ ಬಹುಪಾಲು ರಾಜ್ಯಗಳು ‘ಎಂಬ್ಲೆಕ್ಸ್’ ಎಂಬ ಪರೀಕ್ಷೆಯನ್ನು ಒಪ್ಪುತ್ತವೆ. 110 ನಿಮಿಷ, 100 ಬಹುಆಯ್ಕೆ ಪ್ರಶ್ನೆ. ಶರೀರ ರಚನೆ, ಸ್ನಾಯುಗಳ ಚಲನೆ, ರೋಗಲಕ್ಷಣ, ವೃತ್ತಿಧರ್ಮ ಎಲ್ಲವೂ ಅದರಲ್ಲಿವೆ. ಬೆನ್ನು ಒತ್ತಲು ಇಷ್ಟೆಲ್ಲ ಬೇಕೇ ಎನ್ನಿಸಬಹುದು. ಒಂದು ಉದಾಹರಣೆ ನೋಡಿ. ಕಾಲಿನ ಒಳ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಕಾಲು ಊದಿ ನೋಯುತ್ತದೆ. ಆಯಾಸದ ನೋವೆಂದುಕೊಂಡು ಅದನ್ನು ಬಲವಾಗಿ ಒತ್ತಿದರೆ ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯವಾಗಬಹುದು. ಯಾವ ಮೈಯನ್ನು ಮುಟ್ಟಬಾರದು, ಯಾರನ್ನು ವೈದ್ಯರ ಬಳಿ ಕಳಿಸಬೇಕು ಎಂದು ತಿಳಿದಿರುವುದೇ ಈ ವಿದ್ಯೆಯ ಮುಖ್ಯ ಪಾಠ.

ಆದರೆ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಾಸ್‌ನಲ್ಲಿ 500 ಗಂಟೆಗಳ ತರಬೇತಿ ಸಾಕು. ಅಲ್ಲಿ ಲೈಸೆನ್ಸ್ ಕೊಡುವುದು ಎಲೆಕ್ಟ್ರಿಷಿಯನ್, ಕ್ಷೌರಿಕರಿಗೆಲ್ಲ ಲೈಸೆನ್ಸ್ ಕೊಡುವ ಇಲಾಖೆ. ಒಹಾಯೊದಲ್ಲಿ ವೈದ್ಯರ ಮಂಡಳಿಯೇ ಕೊಡುತ್ತದೆ. ನ್ಯೂಯಾರ್ಕ್‌ನಲ್ಲಿ ಶಿಕ್ಷಣ ಇಲಾಖೆ ಕೊಡುತ್ತದೆ. ಅಲ್ಲಿನ ಎಂಜಿನಿಯರ್‌ಗಳಿಗೆ ಲೈಸೆನ್ಸ್ ಕೊಡುವುದೂ ಅದೇ ಇಲಾಖೆ! ಕ್ಯಾಲಿಫೋರ್ನಿಯಾದಲ್ಲಿ ರಾಜ್ಯಮಟ್ಟದ ಪ್ರಮಾಣಪತ್ರ ಇದ್ದರೂ ಕಡ್ಡಾಯವಲ್ಲ. 2008ರ ಕಾನೂನಿನಿಂದ ಹುಟ್ಟಿದ ಒಂದು ಕೌನ್ಸಿಲ್ ಅದನ್ನು ಕೊಡುತ್ತದೆ, ಉಳಿದದ್ದು ಆಯಾ ನಗರಕ್ಕೆ ಬಿಟ್ಟದ್ದು.

ಇನ್ನು ಜಾಗದ ಲೈಸೆನ್ಸ್. ಇದರ ಉದ್ದೇಶವೇ ಬೇರೆ. ಮಸಾಜ್ ಹೆಸರಿನಲ್ಲಿ ಮಾನವ ಕಳ್ಳಸಾಗಣೆ, ಬಲವಂತದ ದುಡಿಮೆ ನಡೆಯದಂತೆ ತಡೆಯುವುದು. ಫ್ಲಾರಿಡಾದಲ್ಲಿ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಮಧ್ಯರಾತ್ರಿ 12ರಿಂದ ಬೆಳಗಿನ 5ರವರೆಗೆ ಮಸಾಜ್ ಕೇಂದ್ರ ತೆರೆದಿರುವಂತಿಲ್ಲ.

ಇದರಲ್ಲಿ ತೊಂದರೆಯೇ ಇಲ್ಲವೆಂದಲ್ಲ. ಸಾವಿರ ಗಂಟೆ ತರಬೇತಿ ಎಂದರೆ ಅಷ್ಟು ದಿನದ ಫೀಸು, ಅಷ್ಟು ದಿನದ ಕೂಲಿ ನಷ್ಟ. ಬಡವರಿಗೆ, ಹೊಸದಾಗಿ ವಲಸೆ ಬಂದವರಿಗೆ ಅದು ಎತ್ತರದ ಗೋಡೆ. 500 ಗಂಟೆ ಕಲಿತವರು 1000 ಗಂಟೆ ಕೇಳುವ ರಾಜ್ಯಕ್ಕೆ ಹೋದರೆ ಮತ್ತೆ ತರಗತಿಯಲ್ಲಿ ಕೂರಬೇಕಾಗಬಹುದು. ಇದಕ್ಕೆಂದೇ ರಾಜ್ಯಗಳ ನಡುವೆ ಒಂದು ಒಪ್ಪಂದ ರೂಪುಗೊಂಡಿದೆ. 625 ಗಂಟೆಗಳ ತರಬೇತಿ ಪಡೆದವರು ಒಪ್ಪಂದದ ರಾಜ್ಯಗಳಲ್ಲೆಲ್ಲ ದುಡಿಯಬಹುದು ಎಂಬುದು ಅದರ ಆಶಯ. ಏಳು ರಾಜ್ಯಗಳು ಸೇರಿದರೆ ಅದು ಜಾರಿಗೆ ಬರುತ್ತದೆ. ಮೊದಲು ಒಪ್ಪಿದ್ದು ನೆವಾಡಾ, 2023ರಲ್ಲಿ.

ನಮ್ಮಲ್ಲಿ ಏನಿದೆ?

ಇಷ್ಟು ಓದಿದ ಮೇಲೆ ನನಗೆ ನೆನಪಾದವಳು ಪಿಯುಸಿಯಲ್ಲಿ ನನ್ನ ಜೊತೆ ಓದಿದ ಗೆಳತಿ. ಅಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು, ಮೂರು ತಿಂಗಳ ಕೋರ್ಸ್ ಮಾಡಿ, ಬೆಂಗಳೂರಿನ ಒಂದು ಸ್ಪಾದಲ್ಲಿ ಕೆಲಸಕ್ಕೆ ಸೇರಿದಳು. ತಮ್ಮನ ಐಟಿಐ ಫೀಸು ಕಟ್ಟುತ್ತಿರುವುದು ಅವಳೇ. ಆದರೆ ಊರಿನಲ್ಲಿ ಅವಳ ಅಮ್ಮ ಹೇಳುವುದು ‘ಮಗಳು ಹೋಟೆಲ್ ರಿಸೆಪ್ಷನ್‌ನಲ್ಲಿದ್ದಾಳೆ’ ಎಂದು.

ಫೋನ್ ಮಾಡಿ ಲೈಸೆನ್ಸ್ ಬಗ್ಗೆ ಕೇಳಿದೆ. ಅವಳು ನಕ್ಕಳು. ಕಳೆದ ವರ್ಷ ತಪಾಸಣೆಗೆ ಬಂದವರು ಎಲ್ಲ ಹುಡುಗಿಯರನ್ನೂ ಸಾಲಾಗಿ ನಿಲ್ಲಿಸಿ ದಾಖಲೆ ಕೇಳಿದ್ದರಂತೆ. ಗೋಡೆಯ ಮೇಲೆ ಫ್ರೇಮ್ ಹಾಕಿಸಿದ ಟ್ರೇಡ್ ಲೈಸೆನ್ಸ್ ಇತ್ತು, ಮಾಲೀಕರ ಹೆಸರಿನಲ್ಲಿ. ಇವಳ ಬಳಿ ಇದ್ದದ್ದು ಆಧಾರ್ ಕಾರ್ಡ್ ಮಾತ್ರ.

‘ತಪ್ಪೇನೂ ಸಿಗಲಿಲ್ಲ, ಹೋದ್ರು. ಆದ್ರೆ ನಾನು ಕೆಲಸ ಕಲಿತವಳು ಅಂತ ತೋರಿಸೋಕೆ ನನ್ನ ಹತ್ರ ಏನೂ ಇರ್ಲಿಲ್ಲ ಕಣೋ. ಡ್ರೈವರ್‌ಗಾದ್ರೂ ಡಿಎಲ್ ಇರುತ್ತೆ’ ಎಂದಳು.

ನಮ್ಮಲ್ಲಿ ನಗರಪಾಲಿಕೆ ಕೊಡುವ ಟ್ರೇಡ್ ಲೈಸೆನ್ಸ್ ಅಂಗಡಿಗೆ ಸಂಬಂಧಿಸಿದ್ದು. ಆಯುರ್ವೇದ ಚಿಕಿತ್ಸಾಲಯಗಳು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿಯಾಗಬೇಕು. ಫಿಸಿಯೊಥೆರಪಿಸ್ಟ್‌ಗಳನ್ನು ಒಳಗೊಂಡ ಕೇಂದ್ರದ ಕಾಯ್ದೆ 2021ರಲ್ಲಿ ಬಂತು. ಸ್ಪಾದಲ್ಲಿ ದುಡಿಯುವ ಹುಡುಗಿಗೆ ಅವಳದೇ ಹೆಸರಿನ ಲೈಸೆನ್ಸ್ ಇಲ್ಲ. ಕೌಶಲ ಯೋಜನೆಯಡಿ ಸ್ಪಾ ಥೆರಪಿಸ್ಟ್, ಪಂಚಕರ್ಮ ಟೆಕ್ನೀಷಿಯನ್ ಕೋರ್ಸ್‌ಗಳಿವೆ, ಪ್ರಮಾಣಪತ್ರವೂ ಸಿಗುತ್ತದೆ. ಆದರೆ ಪ್ರಮಾಣಪತ್ರ ಬೇರೆ, ಲೈಸೆನ್ಸ್ ಬೇರೆ.

ನಿಯಮ ಮಾಡಲು ಹೊರಟಾಗಲೂ ನಮ್ಮಲ್ಲಿ ಮೊದಲು ಬರುವುದು ಅನುಮಾನ. 2021ರಲ್ಲಿ ದೆಹಲಿ ಸರ್ಕಾರ ಸ್ಪಾಗಳಿಗೆ ಮಾರ್ಗಸೂಚಿ ತಂದಿತು. ಗಂಡಸರಿಗೆ ಹೆಂಗಸರು, ಹೆಂಗಸರಿಗೆ ಗಂಡಸರು ಮಸಾಜ್ ಮಾಡುವಂತಿಲ್ಲ ಎಂಬುದು ಅದರಲ್ಲಿ ಹೆಚ್ಚು ಚರ್ಚೆಯಾದ ಅಂಶ. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆ ನಿರ್ಬಂಧಕ್ಕೆ ತಡೆ ನೀಡಿತು. ಆಸ್ಪತ್ರೆಯಲ್ಲಿ ಪುರುಷ ರೋಗಿಗೆ ನರ್ಸ್ ಇಂಜೆಕ್ಷನ್ ಕೊಟ್ಟರೆ ನಾವು ಹೀಗೆ ಯೋಚಿಸುವುದಿಲ್ಲ. ಏಕೆಂದರೆ ನರ್ಸ್‌ಗೆ ನೋಂದಣಿ ಇದೆ, ಓದಿದ್ದಾಳೆ ಎಂಬ ನಂಬಿಕೆ ಇದೆ.

ಅಂಗಡಿಗೆ ಮಾತ್ರ ಲೈಸೆನ್ಸ್ ಇದ್ದಾಗ ಮಾಲೀಕ ಉಳಿದುಕೊಳ್ಳುತ್ತಾನೆ. ದಾಳಿಯಾದರೆ ಬೇರೆ ಬೋರ್ಡ್ ಹಾಕಿಕೊಂಡು ಬೇರೆ ಬೀದಿಯಲ್ಲಿ ಅಂಗಡಿ ತೆರೆಯುತ್ತಾನೆ. ದುಡಿಯುವವಳ ಹೆಸರು ಮಾತ್ರ ಕೆಡುತ್ತದೆ. ಅವಳ ಹೆಸರಿನಲ್ಲೇ ಒಂದು ಕಾರ್ಡ್ ಇದ್ದರೆ, ಸಂಬಳ ಕೊಡದ ಅಥವಾ ಬೇಡದ ಕೆಲಸಕ್ಕೆ ಒತ್ತಾಯಿಸುವ ಮಾಲೀಕನನ್ನು ಬಿಟ್ಟು ಇನ್ನೊಂದು ಕಡೆ ತಲೆ ಎತ್ತಿಕೊಂಡು ಸೇರಬಹುದು. ನಾನು ಕೇಳುವುದು ನ್ಯೂಯಾರ್ಕ್‌ನ ಸಾವಿರ ಗಂಟೆಯನ್ನಲ್ಲ. ಬಡವರ ಮಕ್ಕಳಿಗೂ ಎಟುಕುವ ಫೀಸು, ಕನ್ನಡದಲ್ಲಿ ಪರೀಕ್ಷೆ, ಕೈ ಕೆಲಸಕ್ಕೆ ಹೆಚ್ಚು ಅಂಕ, ಕೊನೆಗೆ ಸರ್ಕಾರದ ಮುದ್ರೆ ಇರುವ ಒಂದು ಕಾರ್ಡ್. ಇಷ್ಟು ಸಾಕು.

ಅಲ್ಲಿಯವರೆಗೆ ಈ ಕ್ಷೇತ್ರಕ್ಕೆ ಹೋಗಬೇಕೆಂದಿರುವ ಗೆಳೆಯ ಗೆಳತಿಯರಿಗೆ ಒಂದು ಮಾತು. ‘ಇಂಟರ್‌ನ್ಯಾಷನಲ್ ಡಿಪ್ಲೊಮಾ’ ಎಂಬ ಜಾಹೀರಾತು ನೋಡಿ ಹಣ ಕಟ್ಟಬೇಡಿ. ಪ್ರಮಾಣಪತ್ರ ಕೊಡುವವರು ಯಾರು, ಅದಕ್ಕೆ ಸರ್ಕಾರದ ಮಾನ್ಯತೆ ಇದೆಯೇ, ಎಷ್ಟು ಗಂಟೆ ಕಲಿಸುತ್ತಾರೆ ಎಂದು ಮೊದಲು ಕೇಳಿ. ಕಲಿತ ಗಂಟೆಗಳ ಲೆಕ್ಕವನ್ನು ವಿಷಯವಾರು ಬರೆಸಿಕೊಂಡು ಸಹಿ, ಮೊಹರು ಹಾಕಿಸಿ ಇಟ್ಟುಕೊಳ್ಳಿ. ಕೆಲಸಕ್ಕೆ ಸೇರುವಾಗ ನಿಮ್ಮ ಹೆಸರು, ಹುದ್ದೆ, ಸಂಬಳ ಇರುವ ನೇಮಕಾತಿ ಪತ್ರ ಕೇಳಿ ಪಡೆಯಿರಿ. ಗೋಡೆಯ ಮೇಲಿನ ಫ್ರೇಮಿನಲ್ಲಿ ನಿಮ್ಮ ಹೆಸರಿಲ್ಲದಿದ್ದರೂ ನಿಮ್ಮ ಕೈಯಲ್ಲಿರುವ ಕಾಗದದಲ್ಲಾದರೂ ಅದು ಇರಲಿ.