ಹಿಮದೂರಿನ ಮೊಮ್ಮಕ್ಕಳಿಗೆ ಎಂಥ ಕೋಟು?

ಸುಬ್ರಹ್ಮಣ್ಯದ ಕಡೆ ಚಳಿ ಎಂದರೆ ಚಂಪಾಷಷ್ಠಿಯ ಹೊತ್ತಿಗೆ ಕುಮಾರಧಾರೆಯ ಮೇಲೆ ಕವಿಯುವ ಮಂಜು. ಬೆಳಗ್ಗೆ ಬಚ್ಚಲ ಒಲೆಯ ಮುಂದೆ ಸ್ವಲ್ಪ ಹೊತ್ತು ಕೂತರೆ ಅದು ಬಿಟ್ಟುಹೋಗುತ್ತದೆ. ಇಲ್ಲಿನ, ಸುಳ್ಯ, ಪುತ್ತೂರು, ಕಡಬದ ಅಡಿಕೆ ತೋಟದ ಮನೆಗಳ ಮಕ್ಕಳು ಓದಿ, ಕೆಲಸ ಹಿಡಿದು ಈಗ ಟೊರಾಂಟೊ, ವಿನ್ನಿಪೆಗ್, ಮಿನಿಯಾಪೊಲಿಸ್‌ಗಳಲ್ಲಿದ್ದಾರೆ. ವಿನ್ನಿಪೆಗ್‌ನಲ್ಲಿ ಜನವರಿಯ ರಾತ್ರಿಗಳ ಉಷ್ಣಾಂಶ ಸರಾಸರಿ ಮೈನಸ್ 20 ಡಿಗ್ರಿಯ ಆಸುಪಾಸು. ಮೊಮ್ಮಗುವನ್ನು ನೋಡಲು ಹೊರಟ ಅಜ್ಜ ಅಜ್ಜಿ, ಮೊದಲ ಸಲ ಸಂಸಾರ ಕರೆದುಕೊಂಡು ಹೊರಟ ಮಗ ಸೊಸೆ, ಎಲ್ಲರೂ ಹೊರಡುವ ಮುನ್ನ ಮಂಗಳೂರಿನ ಅಂಗಡಿಗಳಿಗೆ ಹೋಗಿ ಇರುವುದರಲ್ಲೇ ದಪ್ಪನೆಯ ಜಾಕೆಟ್ ಹುಡುಕುತ್ತಾರೆ. ಮಗುವಿನ ಮೇಲಿನ ಅಕ್ಕರೆಯಿಂದಲೇ ಹೀಗೆ ಮಾಡುತ್ತಾರೆ, ನಿಜ. ಆದರೆ ಆ ದುಡ್ಡು ಬಹುಪಾಲು ವ್ಯರ್ಥ. ನಮ್ಮ ಪೇಟೆಗೆ ಬರುವ ಜಾಕೆಟ್‌ಗಳು ಊಟಿಗೋ ಮಡಿಕೇರಿಗೋ ಸಾಕು, ಹಿಮ ಬೀಳುವ ಊರಿಗೆ ಸಾಲವು. 23 ಕಿಲೋ ಮಿತಿಯ ಪೆಟ್ಟಿಗೆಯಲ್ಲಿ ಅರ್ಧ ಜಾಗವನ್ನು ಅದೇ ನುಂಗುತ್ತದೆ.

ದಪ್ಪ ಇದ್ದರೆ ಬೆಚ್ಚಗೆ ಎಂಬ ಲೆಕ್ಕವೇ ಪೂರ್ತಿ ಸರಿಯಲ್ಲ. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಮೈಯ ಬಿಸಿಯನ್ನು ತನ್ನೊಳಗಿನ ಗಾಳಿಯಲ್ಲಿ ಹಿಡಿದಿಡುತ್ತದೆ, ಅಷ್ಟೆ. ಆ ಗಾಳಿಯ ಜಾಗಕ್ಕೆ ನೀರು ಬಂದರೆ, ಅದು ಬೆವರೇ ಆಗಲಿ ಹಿಮ ಕರಗಿದ ನೀರೇ ಆಗಲಿ, ಕೋಟು ಎಷ್ಟು ದುಬಾರಿಯಾದರೂ ಮಗು ನಡುಗುತ್ತದೆ. ಕುಮಾರಪರ್ವತ ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಿರಿಗದ್ದೆ ದಾಟಿ ಬಿಸಿಲಿಗೆ ಬೆವರಿ ಒದ್ದೆಯಾದ ಹತ್ತಿಯ ಅಂಗಿಯಲ್ಲಿ ಶೇಷಪರ್ವತದ ಬೋಳು ಏಣಿಗೆ ಬಂದು ನಿಂತಾಗ, ಬೀಸುವ ಗಾಳಿಗೆ ಬೆನ್ನು ಹೇಗೆ ತಣ್ಣಗಾಗುತ್ತದೆ ಎಂಬುದು ಅವರಿಗೆ ಗೊತ್ತು. 1712 ಮೀಟರ್ ಎತ್ತರದ ಬೆಟ್ಟದಲ್ಲೇ ಹೀಗಾದರೆ ಸೊನ್ನೆಗಿಂತ ಕೆಳಗಿನ ಊರಿನಲ್ಲಿ ಹೇಗಿರಬೇಡ!

ಹಾಗಾಗಿ ಹಿಮದೂರಿನವರು ಒಂದು ಕೋಟನ್ನೇ ನಂಬಿ ಕೂರುವುದಿಲ್ಲ, ಮೂರು ಪದರ ಹಾಕುತ್ತಾರೆ. ಮೈಗೆ ತಾಗುವ ಪದರ ಬೆವರನ್ನು ಹೊರಕ್ಕೆ ಸಾಗಿಸಬೇಕು. ಅದಕ್ಕೆ ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಒಳಂಗಿ ಒಳ್ಳೆಯದು. ನಮ್ಮ ಸೆಕೆಗೆ ಹೇಳಿ ಮಾಡಿಸಿದ ಹತ್ತಿಯ ಬನಿಯನ್ನು ಅಲ್ಲಿ ಬೆವರು ಕುಡಿದು ಮೈಗಂಟಿ ಕೂರುತ್ತದೆ. ನಡುವಿನ ಪದರ ಬಿಸಿ ಹಿಡಿಯುವ ಸ್ವೆಟರ್ ಅಥವಾ ಫ್ಲೀಸ್. ಗಾಳಿ, ಹಿಮ, ನೀರು ಒಳಗೆ ಬಾರದಂತೆ ತಡೆಯುವ ಕೆಲಸ ಮೂರನೆಯದಾದ ಕೋಟಿನದು.

ಕೋಟಿನ ಒಳಗೆ ತುಂಬುವ ವಸ್ತು ಮುಖ್ಯವಾಗಿ ಎರಡು ಬಗೆ. ಬಾತುಕೋಳಿ, ಹೆಬ್ಬಾತುಗಳ ಎದೆಯ ತುಪ್ಪುಳ ತುಂಬಿದ್ದಕ್ಕೆ ಡೌನ್ ಎನ್ನುತ್ತಾರೆ. ಹಗುರ, ತುಂಬ ಬೆಚ್ಚಗೆ. ಚೀಟಿಯಲ್ಲಿ 550, 650, 800 ಎಂದು ಕಾಣುವ ಸಂಖ್ಯೆ ಆ ತುಪ್ಪುಳ ಎಷ್ಟು ಅರಳಿಕೊಳ್ಳುತ್ತದೆ ಎಂಬುದರ ಅಳತೆ. ಆದರೆ ಒದ್ದೆಯಾದರೆ ತುಪ್ಪುಳ ಮುದ್ದೆಗಟ್ಟುತ್ತದೆ, ಒಗೆದು ಒಣಗಿಸುವುದೂ ರಗಳೆ. ಇನ್ನೊಂದು ಕೃತಕ ನಾರು. ತುಸು ಭಾರ, ಆದರೆ ನೆನೆದರೂ ಅಷ್ಟಿಷ್ಟು ಬಿಸಿ ಉಳಿಸಿಕೊಳ್ಳುತ್ತದೆ, ಮನೆಯ ಮಷಿನ್ನಿಗೆ ಹಾಕಬಹುದು, ಬೆಲೆಯೂ ಕಡಿಮೆ. ಹಿಮದಲ್ಲಿ ಹೊರಳಾಡಿ, ಮೂಗನ್ನು ತೋಳಿಗೆ ಒರೆಸಿಕೊಂಡು ಬರುವ ನಾಲ್ಕೈದು ವರ್ಷದ ಮಗುವಿಗೆ ಕೃತಕ ನಾರಿನದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಊರು ನೋಡಿಯೂ ಆರಿಸಬೇಕು. ವ್ಯಾಂಕೂವರ್‌ನ ಚಳಿಗಾಲ ಬಹುಮಟ್ಟಿಗೆ ಮಳೆಗಾಲವೇ. ಅಲ್ಲಿ ನೀರು ತಡೆಯುವ ಹೊದಿಕೆ ಮೊದಲು, ದಪ್ಪ ಆಮೇಲೆ. ಟೊರಾಂಟೊದಲ್ಲಿ ಉಷ್ಣಾಂಶ ಸೊನ್ನೆಯ ಆಚೀಚೆ ಓಲಾಡುವ ದಿನಗಳಲ್ಲಿ ಹಿಮ ಕರಗಿ ರಸ್ತೆಯೆಲ್ಲ ರಾಡಿ. ವಿನ್ನಿಪೆಗ್, ಎಡ್ಮಂಟನ್‌ಗಳದ್ದು ಒಣ ಚಳಿ, ಮೇಲಿಂದ ಬಯಲ ಗಾಳಿ. ಉಷ್ಣಾಂಶ ಮೈನಸ್ 20 ಇದ್ದು ಗಾಳಿ ಗಂಟೆಗೆ 30 ಕಿಲೋಮೀಟರ್ ಬೀಸಿದರೆ ಮೈಗೆ ತಟ್ಟುವ ಚಳಿ ಮೈನಸ್ 33ರಷ್ಟು. ಅಷ್ಟು ಚಳಿಗೆ ತೆರೆದುಕೊಂಡ ಚರ್ಮ ಅರ್ಧ ಗಂಟೆಯೊಳಗೆ ಮರಗಟ್ಟಬಹುದು. ಕಿವಿ, ಮೂಗಿನ ತುದಿ, ಬೆರಳು ಬೆಳ್ಳಗಾಗಿ ಜೋಮು ಹಿಡಿದರೆ ನಮ್ಮವರ ಕೈ ತಾನಾಗಿ ಉಜ್ಜಲು ಹೋಗುತ್ತದೆ. ಉಜ್ಜಬೇಡಿ, ಬೆಂಕಿಗೆ ಹಿಡಿಯಲೂ ಬೇಡಿ. ಒಳಗೆ ಕರೆದು ಉಗುರು ಬೆಚ್ಚಗಿನ ನೀರಿನಲ್ಲಿ ನಿಧಾನ ಬೆಚ್ಚಗೆ ಮಾಡಿ, ವೈದ್ಯರಿಗೆ ತೋರಿಸಿ.

ಚೀಟಿಯಲ್ಲಿ 'ಮೈನಸ್ 30ರ ವರೆಗೆ' ಎಂದಿದ್ದರೆ ಅದು ಕಂಪನಿಯ ಅಂದಾಜು ಎಂದಷ್ಟೇ ತಿಳಿಯಿರಿ. ಓಡಿ ಆಡುವ ಮಗುವಿಗೂ ಗಾಡಿಯಲ್ಲಿ ಸುಮ್ಮನೆ ಕೂತ ಕೂಸಿಗೂ ಅದೇ ಕೋಟು ಒಂದೇ ಬಗೆಯಲ್ಲಿ ಬೆಚ್ಚಗಿರುವುದಿಲ್ಲ. ಅಂಗಡಿಯಲ್ಲಿ ಸ್ವೆಟರ್ ಮೇಲೆಯೇ ಕೋಟು ತೊಡಿಸಿ ನೋಡಿ. ಮಗು ಎರಡೂ ಕೈ ಮೇಲೆತ್ತಿದಾಗ ಸೊಂಟ, ಮಣಿಕಟ್ಟು ತೆರೆದುಕೊಳ್ಳಬಾರದು. ಬಿಗಿಯಾದರೆ ಒಳಗಿನ ತುಂಬು ಒತ್ತಿಹೋಗಿ ಬಿಸಿ ಕಡಿಮೆಯಾಗುತ್ತದೆ. 'ಮೂರು ವರ್ಷ ಬರಲಿ' ಎಂದು ದೊಗಳೆ ತಂದರೆ ಕೆಳಗಿಂದ ಗಾಳಿ ನುಗ್ಗುತ್ತದೆ. ಹೊಲಿಗೆ ಬಿಚ್ಚಿದರೆ ತೋಳು ಉದ್ದವಾಗುವ ಕೋಟುಗಳು ಸಿಗುತ್ತವೆ, ಬೆಳೆಯುವ ಮಕ್ಕಳಿಗೆ ಅವು ಉಪಕಾರಿ.

ಜಿಪ್ಪನ್ನು ಮಗು ತಾನೇ ಎಳೆಯಬಲ್ಲದೇ ಎಂಬುದನ್ನೂ ನೋಡಲೇಬೇಕು. ಒಂಟಾರಿಯೊದಲ್ಲಿ ನಾಲ್ಕು ತುಂಬುವ ವರ್ಷವೇ ಮಕ್ಕಳು ಶಾಲೆಗೆ ಸೇರುತ್ತಾರೆ. ಆಟದ ಬಿಡುವಿಗೆ ಇಡೀ ತರಗತಿ ಒಟ್ಟಿಗೆ ಹೊರಡುವಾಗ ಟೀಚರ್ ಒಬ್ಬೊಬ್ಬರಿಗೂ ಕೋಟು ಹಾಕಿಸಲಾರರು. ಮೊದಲು ಹಿಮದ ಚಡ್ಡಿ, ಆಮೇಲೆ ಬೂಟು, ಕೋಟು, ಟೊಪ್ಪಿ, ಕೊನೆಗೆ ಕೈಗವಸು. ಈ ಕ್ರಮವನ್ನು ಮನೆಯಲ್ಲೇ ಆಟದಂತೆ ಕಲಿಸಿದರೆ ಮಗು ಕೊನೆಗೆ ಒಂಟಿಯಾಗಿ ನಿಂತು ಅಳುವುದು ತಪ್ಪುತ್ತದೆ. ಬೆರಳು ಬೆರಳಿನ ಕೈಗವಸಿಗಿಂತ ನಾಲ್ಕೂ ಬೆರಳು ಒಟ್ಟಿಗಿರುವ ಚೀಲದಂಥದ್ದು ಬೆಚ್ಚಗೆ, ತೊಡಲೂ ಸುಲಭ.

ಎರಡು ಎಚ್ಚರಿಕೆಗಳು ನಮ್ಮ ಮನೆಗಳಿಗೆ ಹೊಸವು. ಒಂದು, ಕುತ್ತಿಗೆಯ ದಾರ. ನಾವು ಕುಲಾವಿಯನ್ನು ಗದ್ದದ ಕೆಳಗೆ ದಾರ ಕಟ್ಟಿ ತೊಡಿಸಿದವರು. ಅಲ್ಲಿ ಜಾರುಬಂಡಿಯ ಸಂದಿಗೆ ದಾರ ಸಿಕ್ಕಿ ಮಕ್ಕಳು ಉಸಿರುಗಟ್ಟಿ ಸತ್ತಿದ್ದಾರೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲೇ ಮಕ್ಕಳ ಕೋಟಿನ ಟೊಪ್ಪಿ, ಕುತ್ತಿಗೆಗಳಲ್ಲಿ ದಾರ ಬೇಡವೆಂದು ಸೂಚಿಸಿತು. ಮಫ್ಲರ್ ಬದಲು ತಲೆಯಿಂದ ಇಳಿಸುವ ಕುತ್ತಿಗೆಪಟ್ಟಿ ಕೊಡಿ. ಇನ್ನೊಂದು, ಕಾರು. ಉಬ್ಬಿದ ಕೋಟಿನ ಮೇಲೆ ಮಕ್ಕಳ ಸೀಟಿನ ಬೆಲ್ಟ್ ಕಟ್ಟಿದರೆ ಅಪಘಾತದ ಹೊತ್ತಿಗೆ ಕೋಟು ಅಮುಕಿಹೋಗಿ ಬೆಲ್ಟ್ ಸಡಿಲವಾಗುತ್ತದೆ. ಕೋಟು ತೆಗೆದು, ಬೆಲ್ಟ್ ಬಿಗಿದು, ಅದೇ ಕೋಟನ್ನು ಮೇಲಿಂದ ಹೊದಿಸಬೇಕು.

ಬೆಲೆಗೆ ಹೆದರಬೇಕಾಗಿಲ್ಲ. ಮಕ್ಕಳು ವರ್ಷಕ್ಕೊಂದು ಅಳತೆ ದಾಟುವುದರಿಂದ ಹೆಚ್ಚು ಸವೆಯದ ಕೋಟುಗಳು ವ್ಯಾಲ್ಯೂ ವಿಲೇಜ್, ಒನ್ಸ್ ಅಪಾನ್ ಎ ಚೈಲ್ಡ್‌ನಂಥ ಮರುಮಾರಾಟದ ಅಂಗಡಿಗಳಲ್ಲಿ ಸಿಗುತ್ತವೆ. ಇನ್ನೊಬ್ಬರು ತೊಟ್ಟದ್ದು ಎಂದು ಸಂಕೋಚ ಪಡಬೇಡಿ, ಅಣ್ಣನ ಅಂಗಿ ತಮ್ಮನಿಗೆ ಬಂದ ಮನೆಗಳಲ್ಲೇ ನಾವು ಬೆಳೆದದ್ದು. ಹೊಸದೇ ಬೇಕೆಂದರೆ ಚಳಿ ಮುಗಿಯುತ್ತ ಬಂದಾಗ ಅಂಗಡಿಗಳು ದರ ಇಳಿಸುತ್ತವೆ, ಮುಂದಿನ ವರ್ಷದ್ದನ್ನು ಆಗ ಕೊಳ್ಳಬಹುದು.

ಹಾಗಾದರೆ ಊರಿನಿಂದ ಅಜ್ಜಿ ಏನು ಒಯ್ಯಬೇಕು? ನಡುವಿನ ಪದರ. ಕೈಯಲ್ಲಿ ಹೆಣೆದ ಸ್ವೆಟರ್‌ಗೆ ಅಲ್ಲಿ ನಿಜವಾದ ಕೆಲಸವಿದೆ. ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವ ದಾರ ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ, ಉಣ್ಣೆಯದೇ ಕೇಳಿ ತನ್ನಿ. ಕೋಟನ್ನು ಮಾತ್ರ ಇಲ್ಲಿಂದ ಹೊರಬೇಡಿ. ಚಳಿಗಾಲದಲ್ಲಿ ಇಳಿಯುವುದಾದರೆ ಮಗುವಿನ ಅಳತೆಯ ಕೋಟನ್ನು ವಿಮಾನ ನಿಲ್ದಾಣಕ್ಕೇ ತರಲು ಅಲ್ಲಿರುವವರಿಗೆ ಹೇಳಿ. ಪೆಟ್ಟಿಗೆ ಕಟ್ಟುವ ಮೊದಲು ಫೋನಿನಲ್ಲಿ ಮೂರು ಮಾತು ಕೇಳಿಕೊಳ್ಳಿ: ಆ ಊರಿನಲ್ಲಿ ಬೀಳುವುದು ಒಣ ಹಿಮವೋ ಒದ್ದೆ ಹಿಮವೋ, ಗಾಳಿ ಎಷ್ಟು, ಮಗು ಶಾಲೆಗೆ ಕಾರಿನಲ್ಲಿ ಹೋಗುತ್ತದೋ ಬಸ್ಸಿಗೆ ಕಾಯುತ್ತ ನಿಲ್ಲುತ್ತದೋ. ಕೋಟನ್ನು ಆರಿಸಬೇಕಾದದ್ದು ಈ ಉತ್ತರಗಳನ್ನು ನೋಡಿ.